ಎರಡು ಬೆರಳು ಎತ್ತರ

ಗುರುವಾರ ಬೆಳಿಗ್ಗೆ ಆರೂವರೆಗೆ ತುಳಸಿ ತನ್ನ ಕಾರು ಹತ್ತಲಾರದೆ ಬಿದ್ದಳು.

ಪೆಟ್ಟು ದೊಡ್ಡದೇನಲ್ಲ. ಗಾಲಿಕುರ್ಚಿಗೂ ಕಾರಿನ ಸೀಟಿಗೂ ನಡುವೆ ಅಡ್ಡವಿಟ್ಟ ತೇಗದ ಹಲಗೆಯ ಮೇಲೆ ಅರ್ಧ ದಾರಿ ಸರಿದಿದ್ದಳು. ಅಷ್ಟರಲ್ಲಿ ಬಲಭುಜ ಒಳಗಿನಿಂದ ಹರಿದಂತಾಯಿತು, ಕೈ ಸಡಿಲಿತು. ಹಲಗೆ ಕಾರಿನ ಕಡೆಗೆ ಏರಿಕೆಯಾಗಿದ್ದುದರಿಂದ ಬಂದ ದಾರಿಯಲ್ಲೇ ಹಿಂದಕ್ಕೆ ಜಾರಿ, ಕುರ್ಚಿಯ ಅಂಚು ತಪ್ಪಿ, ಅಂಗಳದಲ್ಲಿ ಕುಕ್ಕರಿಸಿದಳು. ರಕ್ತ ತೆಗೆಯುವ ಸೂಜಿ, ಸೀಸೆಗಳ ಡಬ್ಬಿ ಆಗಲೇ ಕಾರಿನೊಳಗಿತ್ತು. ಅವಳು ಹೊರಗಿದ್ದಳು.

"ಏನ್ರೀ, ಜಲ್ದಿ ಬರ್ರಿ, ತುಳಸಿ ಬಿದ್ದಾಳ!" ಎಂದು ಅತ್ತಿಗೆ ಶಾಂತಕ್ಕ ರಂಗೋಲಿ ಡಬ್ಬಿ ಕೈಯಲ್ಲಿ ಹಿಡಿದೇ ಕೂಗಿದಳು.

ಅಣ್ಣ ಹನುಮಣ್ಣ ಕೊಟ್ಟಿಗೆಯಿಂದ ಓಡಿಬಂದ. ಎರಡೂ ಕಂಕುಳಿಗೆ ಕೈಹಾಕಿ, ಒಂದೇ ಉಸಿರಿಗೆ ಅವಳನ್ನೆತ್ತಿ ಸೀಟಿನಲ್ಲಿ ಕೂರಿಸಿದ. ಐವತ್ತನಾಲ್ಕರ ಗಟ್ಟಿ ಆಳು. ತನ್ನ ಹತ್ತನೆಯ ವಯಸ್ಸಿನಿಂದ ತಂಗಿಯನ್ನು ಎತ್ತುತ್ತ ಬಂದವನು.

"ಇಷ್ಟಕ್ಕ ಏನಾತು? ನಾ ಇಲ್ಲೇನು ಎತ್ತಾಕ?" ಎಂದು ಅವಳ ಬೆನ್ನಿಗಂಟಿದ ಮಣ್ಣು ಕೊಡವಿದ. ಬ್ಯಾಡ ಅಂದರೂ ಕೇಳದೆ, ಆ ದಿನ ಅವಳ ಪಕ್ಕದ ಸೀಟಿನಲ್ಲಿ ಕುಳಿತು ಹೊರಟೇಬಿಟ್ಟ.

ತುಳಸಿ ಹೊಸಪೇಟೆಯ ಒಂದು ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಟೆಕ್ನಿಷಿಯನ್. ಸೋಮವಾರ, ಗುರುವಾರ ಮಾತ್ರ ಹಳ್ಳಿಗಳ ಸುತ್ತು: ಕಡ್ಡಿರಾಂಪುರದ ಮನೆಯಿಂದ ಹೊರಟು ಪಾಪಿನಾಯಕನಹಳ್ಳಿ, ಸಂಡೂರು, ವಡ್ಡು. ಲ್ಯಾಬಿಗೆ ಬರಲಾಗದ ಮುದುಕರ ರಕ್ತವನ್ನು ಅವರವರ ಮನೆಯಲ್ಲೇ ತೆಗೆದು ತರುವುದು ಕೆಲಸ. ಎಂಟು ಮನೆ. ಎಂಟು ಸಲ ಇಳಿಯಬೇಕು, ಎಂಟು ಸಲ ಹತ್ತಬೇಕು. ಆ ಗುರುವಾರ ಎಂಟೂ ಸಲ ಹನುಮಣ್ಣ ಎತ್ತಿದ. ವಡ್ಡಿನಲ್ಲಿ ಸಕ್ಕರೆ ಕಾಯಿಲೆಯ ತಾಯಕ್ಕ ಬಾಗಿಲಲ್ಲಿ ನಿಂತು ನೋಡಿ, "ಇಂಥ ಅಣ್ಣನ್ನ ಪಡಕೊಂಡು ಬಂದಿದ್ದಿ ನೋಡವ್ವ, ಪುಣ್ಯವಂತಿ" ಅಂದಳು. ತುಳಸಿ ನಕ್ಕು ಅವಳ ತೋಳಿಗೆ ಪಟ್ಟಿ ಬಿಗಿದಳು. ತಾಯಕ್ಕ ಮಜ್ಜಿಗೆ ಕೊಡಲು ಬಂದಾಗ ಬ್ಯಾಡ ಅಂದಳು. ಆ ದಿನ ಬೆಳಿಗ್ಗೆಯಿಂದ ಅವಳು ಗುಟುಕು ನೀರನ್ನೂ ಕುಡಿದಿರಲಿಲ್ಲ.

ಅದು ಹಳೆಯ ಅಭ್ಯಾಸ. ಎರಡು ವರ್ಷದವಳಿದ್ದಾಗ ಪೋಲಿಯೊ ಕಾಲುಗಳನ್ನು ಕೊಂಡೊಯ್ದ ಮೇಲೆ ಅವಳನ್ನು ಎತ್ತಿದ ಕೈಗಳಿಗೆ ಲೆಕ್ಕವಿಲ್ಲ. ಅಪ್ಪ, ಅಣ್ಣ, ಶಾಲೆಯ ಜವಾನ, ಬಸ್ಸಿನ ಕಂಡಕ್ಟರ್, ಮದುವೆ ಮನೆಗಳಲ್ಲಿ ಯಾರ್‍ಯಾರೋ. ಎಲ್ಲರೂ ಒಳ್ಳೆಯ ಮನಸ್ಸಿನವರೇ. ಎತ್ತುವಾಗ ಸೆರಗು ಎಲ್ಲಿ ಹೋಯಿತು, ಕೈ ಎಲ್ಲಿ ತಾಗಿತು, ಕುಪ್ಪಸ ಎಷ್ಟು ಮೇಲೆ ಸರಿಯಿತು ಎಂಬುದು ಎತ್ತಿದವರಿಗೆ ತಿಳಿಯುವುದಿಲ್ಲ. ಎತ್ತಿಸಿಕೊಂಡವಳಿಗೆ ತಿಳಿಯುತ್ತದೆ, ಅವಳು ಆ ಹೊತ್ತಿಗೆ ಬೇರೆ ಎಲ್ಲಾದರೂ ನೋಡುತ್ತಿರುತ್ತಾಳೆ. ಹದಿನಾಲ್ಕು ವರ್ಷದವಳಿದ್ದಾಗ ಕಂಪ್ಲಿಯ ಒಂದು ಮದುವೆಯಲ್ಲಿ ಬಚ್ಚಲಿಗೆ ಹೋಗಬೇಕೆಂದು ಮೂರು ಸಲ ಕೇಳಿ, ಮೂರನೆಯ ಸಲ ಗಂಡಿನ ಕಡೆಯ ಒಬ್ಬ ಗಂಡಸಿನ ಕೈಯಲ್ಲಿ ಹೋಗಬೇಕಾಗಿ ಬಂದಿತ್ತು. ಅಂದಿನಿಂದ ಮನೆ ಬಿಟ್ಟ ದಿನ ನೀರು ಬಿಟ್ಟಳು. ನೀರು ಕುಡಿಯದಿದ್ದರೆ ಯಾರನ್ನೂ ಕರೆಯಬೇಕಾಗುವುದಿಲ್ಲ. ಕಾರು ಬಂದ ಮೇಲೆ ಅದೆಲ್ಲ ನಿಂತಿತ್ತು. ನಾಲ್ಕು ವರ್ಷ ಅವಳು ಬಾಯಾರಿದಾಗ ನೀರು ಕುಡಿದಿದ್ದಳು, ಬೇಕೆನಿಸಿದಲ್ಲಿ ಇಳಿದು ಬಚ್ಚಲಿಗೆ ಹೋಗಿ ಬಂದಿದ್ದಳು.

ಆ ಸಂಜೆ ಲ್ಯಾಬಿನ ಮಾಲೀಕ ಜಂಬುನಾಥ್ ಅವಳನ್ನು ಕರೆದ. ಹನುಮಣ್ಣ ಎತ್ತಿ ಇಳಿಸುವುದನ್ನು ಆತ ಕಿಟಕಿಯಿಂದ ನೋಡಿದ್ದ.

"ಮೇಡಂ, ತ್ರಾಸ ತಗೋಬ್ಯಾಡ್ರಿ. ಸೋಮವಾರದಿಂದ ಹಳ್ಳಿ ಸುತ್ತು ಲಿಂಗರಾಜ್ ಬೈಕಿನ್ಯಾಗ ಮಾಡ್ತಾನ. ನೀವು ಇಲ್ಲೇ ಆರಾಮ ಕುಂದ್ರಿ."

"ಸೋಮವಾರ ನಾನೇ ಹೋಗ್ತೀನಿ ಸರ್. ಒಬ್ಬಾಕಿನೇ."

"ಹೋದ್ರ ಸಂತೋಷ. ಆಗದಿದ್ರ ಲಿಂಗರಾಜ್‌ಗ ಹೇಳಿಬಿಡ್ತೀನಿ, ಆಮ್ಯಾಲ ಬದಲಾಯಿಸಾಕ ಬರಂಗಿಲ್ಲ ನೋಡ್ರಿ."

ನಡುವೆ ಮೂರು ದಿನ ಉಳಿದಿದ್ದವು.

*

ಅದು ಸಂಡೂರಿನ ಒಬ್ಬ ಹುಡುಗನಿಂದ ಕೊಂಡ ಹಳೆಯ ಕಾರು. ರೇಸಿನ ಹುಚ್ಚಿದ್ದ ಆತ, ಕಾರು ನೆಲಕ್ಕಂಟಿದಂತೆ ಓಡಬೇಕೆಂದು ಎತ್ತರ ಹೆಚ್ಚುಕಡಿಮೆ ಮಾಡಬಹುದಾದ ಸಸ್ಪೆನ್ಷನ್ ಹಾಕಿಸಿದ್ದ. ಪ್ರತಿ ಗಾಲಿಯ ಹಿಂದೆ ಒಂದು ಉಕ್ಕಿನ ಕಂಬ, ಕಂಬದ ಮೈಗೆ ಸ್ಕ್ರೂನಂತೆ ಥ್ರೆಡ್, ಥ್ರೆಡ್ಡಿನ ಮೇಲೆ ಎರಡು ಬಳೆ. ಮೇಲಿನ ಬಳೆಯ ಮೇಲೆ ಸ್ಪ್ರಿಂಗ್ ಕೂರುತ್ತದೆ. ಕೆಳಗಿನದು ಅದು ಅಲ್ಲಾಡದಂತೆ ಬಿಗಿ ಹಿಡಿಯುತ್ತದೆ. ಬಳೆಗಳನ್ನು ಮೇಲಕ್ಕೆ ತಿರುಗಿಸಿದರೆ ಕಾರು ಏಳುತ್ತದೆ, ಕೆಳಕ್ಕೆ ತಿರುಗಿಸಿದರೆ ತಗ್ಗುತ್ತದೆ.

ನೋಡಲು ಹೋದ ದಿನ ಹನುಮಣ್ಣ ನಕ್ಕಿದ್ದ. "ಇದೇನು, ಕಾರು ಕುಂತುಬಿಟ್ಟೈತಿ!"

ತುಳಸಿ ತನ್ನ ಕುರ್ಚಿಯನ್ನು ಕಾರಿನ ಪಕ್ಕಕ್ಕೆ ತಳ್ಳಿಕೊಂಡು ಹೋಗಿ, ಸೀಟಿನ ಮೇಲೊಂದು ಕೈ, ಕುರ್ಚಿಯ ಮೇಲೊಂದು ಕೈ ಇಟ್ಟು ನೋಡಿದ್ದಳು. ಎರಡೂ ಒಂದೇ ಮಟ್ಟ. ನಡುವೆ ಹಲಗೆಯಿಟ್ಟರೆ ನೆಲದ ಮೇಲೆ ಸರಿದಂತೆ ಸರಿಯಬಹುದು. ಬೇರೆ ಯಾವ ಕಾರೂ ಹಾಗಿರಲಿಲ್ಲ. ಅದನ್ನೇ ಕೊಂಡು, ಬ್ರೇಕು, ಎಕ್ಸಲರೇಟರ್ ಎರಡನ್ನೂ ಕೈಯಿಂದಲೇ ನಡೆಸುವಂತೆ ಮಾಡಿಸಿಕೊಂಡಳು.

ಕಳೆದ ಮಳೆಗಾಲದಲ್ಲಿ ವಡ್ಡಿನ ದಾರಿಯನ್ನು ಅದಿರಿನ ಲಾರಿಗಳು ಕೆರೆ ಮಾಡಿದ್ದವು. ಕಾರಿನ ಹೊಟ್ಟೆ ನೆಲಕ್ಕೆ ತಾಗತೊಡಗಿತು. ಆಗ ಸಂಡೂರು ರಸ್ತೆಯ ಮೆಕ್ಯಾನಿಕ್ ವಿರುಪಾಕ್ಷಪ್ಪನ ಹತ್ತಿರ ಹೋಗಿ ಎರಡು ಬೆರಳಿನಷ್ಟು ಎತ್ತರಿಸಿಕೊಂಡಿದ್ದಳು. ದೀಪಾವಳಿಗೆ ಇಳಿಸಬೇಕಿತ್ತು. ಭುಜ ಗಟ್ಟಿಯಿತ್ತು, ಏರಿಕೆ ದೊಡ್ಡದೆನಿಸಲಿಲ್ಲ, ಇಂದು ನಾಳೆ ಎಂದು ಬಿಟ್ಟಳು. ಸಂಕ್ರಾಂತಿ ಕಳೆದ ಮೇಲೆ ಬಲಭುಜ ನೋಯತೊಡಗಿತು. ನಲವತ್ತು ವರ್ಷ ಕಾಲುಗಳ ಕೆಲಸವನ್ನೂ ಮಾಡಿದ ಭುಜ. ಕುರ್ಚಿಗೆ ದಿಂಬು ಹಾಕಿ ಎತ್ತರಿಸಿ ನೋಡಿದಳು. ಪಾದ ಎಲ್ಲಿಯೂ ಊರದೆ ಕುರ್ಚಿ ಮುಗ್ಗರಿಸಿತು. ಕಾರನ್ನೇ ತಗ್ಗಿಸೋಣವೆಂದು ಹೋದ ವಾರ ವಿರುಪಾಕ್ಷಪ್ಪನಲ್ಲಿಗೆ ಹೋದರೆ ಬಳೆಗಳು ಅಲುಗಲೇ ಇಲ್ಲ. ನಾಲ್ಕೂ ಕಚ್ಚಿಕೊಂಡಿದ್ದವು.

*

ಗುರುವಾರ ಸಂಜೆಯೇ ಕಾರನ್ನು ಮತ್ತೆ ಮೆಕ್ಯಾನಿಕ್ಕನ ಅಂಗಡಿಯಲ್ಲಿ ಬಿಟ್ಟಿದ್ದಳು. ಶುಕ್ರವಾರ ಮಧ್ಯಾಹ್ನ ಲ್ಯಾಬು ಮುಗಿಸಿ ಅವಳು ಆಟೊದಲ್ಲಿ ಅಂಗಡಿಗೆ ಬಂದಾಗ ವಿರುಪಾಕ್ಷಪ್ಪ ತೀರ್ಪು ಸಿದ್ಧಮಾಡಿಕೊಂಡೇ ಇದ್ದ. ಅರವತ್ತು ದಾಟಿದ ಆತ ಜೀವಮಾನವೆಲ್ಲ ಅದಿರಿನ ಲಾರಿಗಳ ಪಟ್ಟಿ ಸ್ಪ್ರಿಂಗು ಬಿಗಿದವನು.

"ಯವ್ವಾ, ಇವು ಸತ್ತಾವು. ಗ್ಯಾಸ್ ಕಟ್ಟರಿನಿಂದ ಕಡಿದು ಒಗೀತೀನಿ. ಕಂಪನಿ ಶಾಕಪ್ ಹಾಕಿಬಿಟ್ರ ನಿನ್ನ ಕಾರು ಮಸ್ತ್ ಎದ್ದು ನಿಲ್ತೈತಿ."

"ಎಷ್ಟು ಎದ್ದು ನಿಲ್ತೈತಿ ಕಾಕಾ?"

"ಈಗಿನಕಿಂತ ಇನ್ನೂ ಎರಡು ಬೆರಳು. ಎಲ್ಲಾ ಕಾರು ಇದ್ದಂಗ."

"ಎಲ್ಲಾ ಕಾರು ಇದ್ದಂಗ ಆದ್ರ ನಾ ಹೆಂಗ ಹತ್ತಲಿ?"

"ಅಣ್ಣ ಅದಾನಲ್ಲವಾ!"

ಯಾರನ್ನು ಕೇಳಿದರೂ ಅದೇ ಉತ್ತರ. ಅಣ್ಣ ಇದ್ದಾನೆ. ಅದು ಸುಳ್ಳೂ ಅಲ್ಲವೆಂಬುದೇ ಅವಳ ತೊಂದರೆ. ಕೆಟ್ಟ ಅಣ್ಣನಾಗಿದ್ದರೆ ಜಗಳವಾಡಬಹುದಿತ್ತು.

"ಕಡೀಬ್ಯಾಡ್ರಿ. ಗಾಲಿ ಬಿಚ್ಚ್ರಿ, ನಾ ನೋಡ್ತೀನಿ" ಅಂದಳು.

"ನೀ ಏನು ನೋಡ್ತಿ? ಇದೇನು ರಕ್ತ, ಉಚ್ಚಿ ಅಂತ ತಿಳಕೊಂಡ್ಯಾ?"

"ಬಿಚ್ಚ್ರಿ ಕಾಕಾ."

ಆತ ಗೊಣಗುತ್ತ ಜಾಕಿ ಕೊಟ್ಟು ಚಾಲಕನ ಕಡೆಯ ಮುಂದಿನ ಗಾಲಿ ಬಿಚ್ಚಿದ. ತುಳಸಿ ಕುರ್ಚಿಯಿಂದ ಇಳಿದು, ಗೋಣಿಚೀಲದ ಮೇಲೆ ಕುಳಿತು, ಕೈಯೂರಿ ಸರಿದು ಹತ್ತಿರ ಹೋದಳು. ಮನೆಯೊಳಗೆ ಅವಳು ಓಡಾಡುವುದೂ ಹಾಗೆಯೇ. ವಿರುಪಾಕ್ಷಪ್ಪ ಸೊಂಟ ಹಿಡಿದುಕೊಂಡು ಬಗ್ಗಿ ನೋಡಬೇಕಿದ್ದ ಜಾಗ ಅವಳ ಕಣ್ಣಿಗೆ ನೇರವಾಗಿತ್ತು. ನಿಂತವರ ಅಳತೆಗೆ ಕಟ್ಟಿದ ಲೋಕದಲ್ಲಿ ತನ್ನ ಎತ್ತರಕ್ಕೆ ಸರಿಹೊಂದುವ ಕೆಲಸವೊಂದನ್ನು ಅವಳು ನೋಡಿದ್ದು ಅಪರೂಪ.

ರೊಟ್ಟಿ ಹಂಚಿನ ಅಂಚಿಗೆ ವರ್ಷಗಟ್ಟಲೆ ಕೂಡುವ ಕರಿಯಂತೆ ಒಂದು ಪದರ ಕಂಬಕ್ಕೂ ಬಳೆಗೂ ಅಂಟಿತ್ತು. ಥ್ರೆಡ್ಡೇ ಕಾಣುತ್ತಿರಲಿಲ್ಲ. ಉಗುರಿನಿಂದ ಒಂದು ಹಕ್ಕಳೆ ಎಬ್ಬಿಸಿದಳು. ಮೇಲೆ ಕಪ್ಪು, ಒಡೆದರೆ ಒಳಗೆ ಕೆಂಪು. ಬೆರಳಿನ ನಡುವೆ ತಿಕ್ಕಿದಾಗ ಜಿಡ್ಡು, ಜಿಡ್ಡಿನೊಳಗೆ ಸಣ್ಣ ಮರಳಿನ ಚುಚ್ಚು.

"ಕಾಕಾ, ಇದು ಬರೇ ತುಕ್ಕಲ್ಲ. ಅದಿರಿನ ಧೂಳು. ಎಣ್ಣ್ಯಾಗ ಕಲಸಿದ್ದು."

"ಎಣ್ಣಿ ಹೊಡಿಸಿದಾಕಿ ನೀನೇ ಅಲ್ಲೇನು?" ಎಂದು ಆತ ನಕ್ಕ.

ಹೌದು. ಪ್ರತಿ ಅಮಾವಾಸ್ಯೆಗೆ ಈ ಕಡೆಯವರೆಲ್ಲ ಗಾಡಿ ತೊಳೆಸಿ, ನಿಂಬೆಹಣ್ಣು ತುಳಿಸಿ, ಕಾಯಿ ಒಡೆಯುವಂತೆ ಅವಳೂ ಮಾಡುತ್ತ ಬಂದಿದ್ದಳು. ತೊಳೆದಾದ ಮೇಲೆ ತುಕ್ಕು ಹಿಡಿಯದಿರಲೆಂದು ಕಾರಿನ ಅಡಿಗೆ ಎಂಜಿನ್ನಿನ ಹಳೆಯ ಸುಟ್ಟ ಆಯಿಲ್ ಹೊಡೆಸುವುದು ಇಲ್ಲಿಯ ರೂಢಿ. ಲಾರಿಯ ಪಟ್ಟಿಗಳಿಗೆ ಅದು ಒಳ್ಳೆಯದೇ. ಅವಳು ನಾಲ್ಕು ವರ್ಷದಲ್ಲಿ ಒಂದು ಅಮಾವಾಸ್ಯೆಯನ್ನೂ ತಪ್ಪಿಸಿರಲಿಲ್ಲ. ಎಣ್ಣೆ ಹೊಡೆಯುವವನಿಗೆ, ನಾ ಹತ್ತೋ ಕಡೆ ಇನ್ನಷ್ಟು ಚಲೋತ್ನಂಗ ಹೊಡಿ ಎಂದು ಪ್ರತಿ ಸಲ ಹೇಳುತ್ತಿದ್ದಳು. ತೊಳೆದ ಮರುದಿನವೇ ಆ ಹಸಿ ಎಣ್ಣೆ ಹೊತ್ತು ವಡ್ಡಿನ ಕೆಂಪು ಧೂಳಿನಲ್ಲಿ ಹೋಗುತ್ತಿದ್ದಳು.

ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಆ ಸಸ್ಪೆನ್ಷನ್ನಿನ ಜೊತೆ ಬಂದಿದ್ದ ಸಣ್ಣ ಇಂಗ್ಲಿಷ್ ಪುಸ್ತಕವಿತ್ತು. ನಾಲ್ಕು ವರ್ಷ ಅದರ ಮೇಲೆ ಟೋಲ್ ಚೀಟಿಗಳನ್ನು ಇಟ್ಟಿದ್ದಳು. ಈಗ ತೆಗೆಸಿ, ಗೋಣಿಯ ಮೇಲೆ ಕುಳಿತೇ ಓದಿದಳು. ಎಣ್ಣೆ, ಗ್ರೀಸ್ ಬಳಿಯಬಾರದು, ಅವು ಧೂಳು ಹಿಡಿಯುತ್ತವೆ. ಮೆತ್ತಗಿನ ಬ್ರಷ್ಷಿನಿಂದ ಸೋಪು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಒಣಗಿ ಪುಡಿಯಂತೆ ಕೂರುವ ಸ್ಪ್ರೇ ಹೊಡೆಯಬೇಕು. ಎತ್ತರ ಬದಲಿಸಬೇಕಿರಲಿ ಇಲ್ಲದಿರಲಿ, ಆಗಾಗ ಬಳೆ ಸಡಿಲಿಸಿ ತಿರುಗಿಸುತ್ತಿರಬೇಕು. ಇದ್ದಲ್ಲೇ ಇದ್ದರೆ ಹಿಡಿಯುತ್ತದೆ.

ಅವಳಿಗೆ ಮುಖ ಬಿಸಿಯಾಯಿತು. ಹಾಳು ಮಾಡಿದವಳು ತಾನೇ. ಅದೂ ಅಸಡ್ಡೆಯಿಂದಲ್ಲ, ಅತಿ ಅಕ್ಕರೆಯಿಂದ. ಅಕ್ಕರೆಯಿಂದ ಮಾಡಿದ್ದು ಕೆಡುಕಾಗುತ್ತಿದೆಯೇ ಎಂದು ಯಾರೂ ಬಗ್ಗಿ ನೋಡುವುದಿಲ್ಲ. ಎತ್ತುವ ಅಣ್ಣನಿಗೆ ತಾನು ಇಷ್ಟು ವರ್ಷ ಏನನ್ನೂ ಹೇಳದೆ ಉಳಿದದ್ದೂ ಅದರಿಂದಲೇ ಎಂದು ಅವಳಿಗೆ ಅಲ್ಲಿ, ಆ ಕರಿ ಗಾಲಿಯ ಗೂಡಿನೆದುರು ಅನ್ನಿಸಿತು.

"ಕಾಕಾ, ಸೀಮೆಎಣ್ಣಿ ಐತೇನು? ಹಳೇ ಅರಿವಿ?"

"ತಿಕ್ಕಾಕ ತಂತಿ ಬ್ರಷ್ ಕೊಡ್ಲಿ?"

"ಇವತ್ತು ತಿಕ್ಕೋದಿಲ್ಲ. ನೆನಸೋದು."

ಲ್ಯಾಬಿನಲ್ಲಿ ಗಾಜಿನ ಕೊಳವೆಯೊಳಗೆ ಒಣಗಿದ ರಕ್ತವನ್ನು ಹೊಸಬರು ತಿಕ್ಕಿ ಗೀರು ಬೀಳಿಸುತ್ತಾರೆ. ನೆನೆಹಾಕಿ ಕಾಯಬೇಕು, ತಾನಾಗಿ ಬಿಡುತ್ತದೆ ಎಂದು ಅವರಿಗೆಲ್ಲ ಹೇಳಿಕೊಟ್ಟವಳು ಅವಳು. ಅರಿವೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಉಳಿದ ಗಾಲಿಗಳನ್ನೂ ಬಿಚ್ಚಿಸಿ, ನಾಲ್ಕೂ ಕಂಬಗಳ ಬಳೆಗಳಿಗೆ ಗಾಯಕ್ಕೆ ಸುತ್ತಿದಂತೆ ಸುತ್ತಿದಳು. ಮೇಲಿನ ರಬ್ಬರಿಗೆ ತಾಗಬಾರದೆಂದು ಪುಸ್ತಕ ಹೇಳಿತ್ತು. ಅಲ್ಲಿ ಪ್ಲಾಸ್ಟಿಕ್ ಕಟ್ಟಿದಳು.

ಶನಿವಾರ ಅರಿವೆ ಬಿಚ್ಚಿದಾಗ ಕರಿ ಪದರ ಮೆತ್ತಗಾಗಿ ನೇತಾಡುತ್ತಿತ್ತು. ಹಲ್ಲುಜ್ಜುವ ಬ್ರಷ್ಷು, ಬಿದಿರು ಕಡ್ಡಿ, ಕೊನೆಗೆ ಹಿತ್ತಾಳೆ ಬ್ರಷ್ಷು. ಬಳೆಗಳು ಅಲ್ಯೂಮಿನಿಯಮ್ಮಿನವು, ಉಕ್ಕಿನ ತಂತಿ ತಾಗಿದರೆ ಗೀರು ಬೀಳುತ್ತದೆ. ಥ್ರೆಡ್ಡಿನ ಒಂದೊಂದೇ ಸುತ್ತು ಕಂಡುಬಂತು. ನೆಲದ ಮೇಲೆ ಕುಂಕುಮ ಕಲಸಿದಂಥ ನೀರು ಹರಿಯಿತು. ಎಡಗೈಯಲ್ಲೇ ಹೆಚ್ಚು ಕೆಲಸ ಮಾಡಿದಳು. ಬಲಗೈ ಹಿಡಿದುಕೊಳ್ಳುವುದಕ್ಕಷ್ಟೇ.

ಸಂಜೆ ನಾಲ್ಕಕ್ಕೆ ವಿರುಪಾಕ್ಷಪ್ಪ ಬಳೆಯ ಕಚ್ಚಿಗೆ ಸಿಕ್ಕುವ ಕೊಕ್ಕೆ ಪಾನಾ ಹಾಕಿ, ಅದರ ಹಿಡಿಗೆ ಒಂದು ಪೈಪು ಸಿಕ್ಕಿಸಿ ಎಳೆದ. ಹಿಂದಿನ ಎಡದ್ದು ಕಟಕ್ಕೆಂದಿತು.

"ಸತ್ತಿದ್ದು ಎದ್ದು ಕುಂತ್ತು ನೋಡವಾ!" ಎಂದು ಆತನೇ ಬೆರಗಾದ. ಹಿಂದಿನ ಬಲದ್ದು, ಮುಂದಿನ ಎಡದ್ದು, ಒಂದರ ಹಿಂದೊಂದು ಬಿಟ್ಟವು. "ಲ್ಯಾಬ್ ಬಿಟ್ಟು ಇಲ್ಲೇ ಬಾರವ್ವ. ಬೋರ್ಡಿನ್ಯಾಗ ನಿನ್ನ ಹೆಸರು ಹಾಕಿಸ್ತೀನಿ."

"ಹಾಕಿಸ್ರಿ. ನನ್ನ ಹೆಸರು ಮ್ಯಾಲ, ನಿಮ್ಮದು ಕೆಳಗ."

"ಆಹಾ! ಮೂರು ರಿಂಗ್ ತಿರುಗಿದ್ದಕ್ಕ ಅಂಗಡೀನ ಕೇಳಾಕತ್ತಾಳ. ನಾಲ್ಕನೇದು ತಿರುಗಿದ್ರ ಮನಿ ಕೇಳ್ತಿ."

ನಾಲ್ಕನೆಯದು ತಿರುಗಲಿಲ್ಲ. ಅದು ಅವಳು ಹತ್ತುವ ಕಡೆಯದು, ಹೆಚ್ಚು ಎಣ್ಣೆ ಕುಡಿದದ್ದು. ಮುಂದಿನ ಎರಡೂ ಕಂಬ ಒಂದೇ ಅಳತೆಯಲ್ಲಿ ಇರಲೇಬೇಕು, ಇಲ್ಲವಾದರೆ ಕಾರು ಒಂದು ಕಡೆಗೆ ವಾಲುತ್ತದೆ. ಆ ಒಂದು ಬಿಡದಿದ್ದರೆ ಬಿಟ್ಟ ಮೂರರಿಂದ ಪ್ರಯೋಜನವಿಲ್ಲ. ಮತ್ತೆ ಅರಿವೆ ಸುತ್ತಿ ಮನೆಗೆ ಹೋದಳು.

*

ಭಾನುವಾರ ಹತ್ತು ಗಂಟೆಯವರೆಗೆ ತಿಕ್ಕಿ, ಎಳೆದು, ಮತ್ತೆ ನೆನೆಸಿ ಸಾಕಾಗಿ ವಿರುಪಾಕ್ಷಪ್ಪ ಉಳಿ, ಸುತ್ತಿಗೆ ತಂದ.

ತುಳಸಿ ಬಳೆಯ ಮೇಲೆ ಅಂಗೈ ಇಟ್ಟಳು.

"ಕೈ ತೆಗಿಯವ್ವ."

"ಉಳಿ ತೆಗೀರಿ ಮೊದಲ."

"ಎರಡು ಏಟು ಅಷ್ಟ. ಹೋದ ವರ್ಷ ಎತ್ತರ ಮಾಡುವಾಗೂ ಹಂಗ ಹೊಡದಿದ್ದೆ, ಏನಾತು?"

"ಇಲ್ಲಿ ನೋಡ್ರಿ ಏನಾಗೈತಿ ಅಂತ" ಎಂದು ಅವಳು ಬಳೆಯ ಅಂಚು ತೋರಿಸಿದಳು. ಪಾನಾ ಕೂರಬೇಕಾದ ಕಚ್ಚುಗಳಲ್ಲಿ ಎರಡು ಚಪ್ಪಟೆಯಾಗಿದ್ದವು. ಆತ ಕನ್ನಡಕ ಏರಿಸಿ ನೋಡಿ, ಉಳಿಯನ್ನು ಹಿಂದಕ್ಕಿಟ್ಟ.

ಆ ಹೊತ್ತಿಗೆ ಹನುಮಣ್ಣ ಬುತ್ತಿ ತಂದು ಟೈರಿನ ಮೇಲಿಟ್ಟ. ತಂಗಿಯ ಮೊಣಕೈವರೆಗಿನ ಮಸಿ ನೋಡಿ ಹಣೆ ಚಚ್ಚಿಕೊಂಡ.

"ಮೂರು ದಿನ ಆತು, ಏನು ಹಟ ಇದು? ಏಳು, ಕೈ ತೊಳಕೊ. ಗದ್ದಿ ಕೆಲಸ ಗುಡ್ಡಪ್ಪಗ ಒಪ್ಪಿಸೀನಿ. ನಾಳಿಯಿಂದ ಸೋಮವಾರ, ಗುರುವಾರ ನಾನೇ ಬರ್ತೀನಿ. ಎಂಟು ಸಲ ಎತ್ತಾಕ ನೀ ಏನು ಬಂಡೆಗಲ್ಲೇನು?"

ಹೇಳುತ್ತಲೇ ಅವಳನ್ನು ಎಬ್ಬಿಸಲು ಬಗ್ಗಿ ಕಂಕುಳಿಗೆ ಕೈಹಾಕಿದ.

"ಅಣ್ಣಾ, ಎತ್ತಬ್ಯಾಡ."

"ಕುರ್ಚಿಗೆ ಕುಂದ್ರಿಸ್ತೀನಿ, ಅಷ್ಟ."

"ಬ್ಯಾಡ. ಇವತ್ತಷ್ಟ ಅಲ್ಲ. ಇನ್ನು ಮ್ಯಾಲ ನಾ ಕೇಳಿದ ಹೊರತು ಎತ್ತಬ್ಯಾಡ."

ಹನುಮಣ್ಣನ ಕೈಗಳು ಚಾಚಿದಲ್ಲೇ ನಿಂತವು. "ನಾ ಏನು ತಪ್ಪು ಮಾಡೀನಿ?"

"ಏನೂ ಮಾಡಿಲ್ಲ. ಅದಕ್ಕ ಇಷ್ಟು ವರ್ಷ ಹೇಳಾಕ ಆಗಿಲ್ಲ."

"ನನ್ನ ಕೈ ನಿನಗ ಪರಕೀಯ ಆತೇನು?"

"ಗುರುವಾರ ನೀ ನನ್ನ ಜೋಡಿ ಬಂದ್ಯಲ್ಲ, ಮುಂಜಾನಿಂದ ಸಂಜಿ ಮಟ ನಾ ಒಂದು ಹನಿ ನೀರು ಕುಡಿದಿಲ್ಲ. ನಿನಗ ಗೊತ್ತಾಗಲಿಲ್ಲ. ಸಣ್ಣಾಕಿ ಇದ್ದಾಗಿಂದ ಹಂಗ. ಕುಡಿದ್ರ ಬಚ್ಚಲಿಗೆ ಹೋಗಬೇಕು, ಹೋಗಬೇಕಂದ್ರ ಕರೀಬೇಕು, ಎತ್ತಬೇಕು. ನೀನಾಗ್ಲಿ, ಯಾರಾಗ್ಲಿ. ಈ ಕಾರು ಬಂದ ಮ್ಯಾಲ ಹಂಗಿಲ್ಲ. ಅಷ್ಟಕ್ಕ ನಾ ಇಲ್ಲಿ ಕುಂತೀನಿ."

ಹನುಮಣ್ಣ ನೆಟ್ಟಗಾಗಿ ಹೊರಗೆ ಹೋದ. ರಸ್ತೆಯಾಚೆ ಬೇವಿನ ಮರದಡಿ ಬೆನ್ನು ತಿರುಗಿಸಿ ನಿಂತದ್ದು ಕಾಣುತ್ತಿತ್ತು. ಹತ್ತಿರ ಹೋಗಿ ಸಮಾಧಾನ ಮಾಡಬೇಕೆಂಬ ತುಡಿತ ಅವಳಲ್ಲಿ ಬಂತು. ಮನೆಯಲ್ಲಿ ಯಾರ ಮುಖ ಬಾಡಿದರೂ ಮೊದಲು ಸರಿದುಹೋಗುತ್ತಿದ್ದವಳು ಅವಳೇ. ಈ ಸಲ ಹೋಗದೆ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಗೆ ಅದ್ದಿದಳು.

ವಿರುಪಾಕ್ಷಪ್ಪ ಎಲ್ಲ ಕೇಳಿಸಿಕೊಂಡಿದ್ದ. ಬುತ್ತಿಯತ್ತ ನೋಡುತ್ತ, "ಊಟ ಆರತೈತಿ" ಎಂದಷ್ಟೇ ಅಂದ.

ಅರ್ಧ ಗಂಟೆಯ ಮೇಲೆ ಹನುಮಣ್ಣ ಒಳಬಂದು, ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ. ಮುಖ ನೋಡಲಿಲ್ಲ. ಪಾನಾದ ಪೈಪಿನ ಮೇಲೆ ಕೈಯಿಟ್ಟು, "ಯಾ ಕಡೆ ಎಳೀಬೇಕು?" ಎಂದು ಕೇಳಿದ.

"ಈ ಕಡೆ. ಝಟಕಾ ಕೊಡಬ್ಯಾಡ, ಕಚ್ಚು ಮುರೀತೈತಿ. ಭಾರ ಹಾಕಿ ಹಿಡಕೊಂಡಿರು. ನಾ ಬಡೀತೀನಿ."

ಹನುಮಣ್ಣ ಎಳೆದು ಹಿಡಿದ. ತುಳಸಿ ಹಿತ್ತಾಳೆಯ ಕಡ್ಡಿಯೊಂದನ್ನು ಬಳೆಗೆ ಆನಿಸಿ, ಸಣ್ಣ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ಬಡಿಯುತ್ತ ಹೋದಳು. ಒಂದು ಸುತ್ತು. ಇನ್ನೊಂದು ಸುತ್ತು. ಅವನ ಹಣೆಯ ಬೆವರು ಅವಳ ಮುಂಗೈ ಮೇಲೆ ಬಿತ್ತು. ಮೂರನೆಯ ಸುತ್ತಿನಲ್ಲಿ ಪೈಪು ಕೂದಲೆಳೆಯಷ್ಟು ಸರಿಯಿತು.

"ಬಂತು!" ಎಂದು ವಿರುಪಾಕ್ಷಪ್ಪ ಕೂಗಿದ.

"ಸುಮ್ನಿರ್ರಿ ಕಾಕಾ. ಅಣ್ಣಾ, ಹಿಂದಕ್ಕ ಬಿಡು. ಮತ್ತ ಎಳಿ. ಮತ್ತ ಹಿಂದಕ್ಕ."

ಮುಂದೆ ಒಂದಿಷ್ಟು, ಹಿಂದೆ ಒಂದಿಷ್ಟು, ನಡುನಡುವೆ ಬ್ರಷ್ಷು. ಕೆಳಗಿನ ಬಳೆ ಸಡಿಲಾಯಿತು, ಆಮೇಲೆ ಮೇಲಿನದೂ ಇಳಿಯತೊಡಗಿತು. ಅವಳು ಅಳತೆಪಟ್ಟಿ ಹಿಡಿದು ನೋಡುತ್ತಿದ್ದಳು. ಒಂದು ಬೆರಳಿನಷ್ಟು ಇಳಿದ ಮೇಲೆ ಅದು ಮತ್ತೆ ನಿಂತಿತು. ಬ್ಯಾಟರಿ ಬೆಳಕು ಬಿಟ್ಟು ನೋಡಿದರೆ ಅಲ್ಲಿ ಥ್ರೆಡ್ಡಿಗೇ ಪೆಟ್ಟು ಬಿದ್ದಿತ್ತು. ಉಳಿ ಜಾರಿದ ಗುರುತು. ವಿರುಪಾಕ್ಷಪ್ಪ ತಲೆ ಕೆರೆದುಕೊಂಡು, "ನನ್ನದ ಅದು" ಎಂದು ಒಪ್ಪಿಕೊಂಡ.

"ಇನ್ನೊಂದು ಸಲ ಜೋರಾಗಿ ಎಳೀಲೇನು?" ಎಂದ ಹನುಮಣ್ಣ. ಅವನ ಕೈಗೆ ಹುರುಪು ಬಂದಿತ್ತು.

"ಬ್ಯಾಡ. ಥ್ರೆಡ್ ಹೋದ್ರ ಎಲ್ಲಾ ಹೋತು. ಇವತ್ತಿಗೆ ಒಂದು ಬೆರಳು ಸಾಕು."

ಸಾಕೋ ಇಲ್ಲವೋ ಅವಳಿಗೂ ತಿಳಿದಿರಲಿಲ್ಲ. ಉಳಿದ ಮೂರನ್ನೂ ಅದೇ ಅಳತೆಗೆ ಇಳಿಸಿದರು. ಸೋಪು ನೀರಿನಲ್ಲಿ ತೊಳೆದು, ಗಾಳಿ ಹೊಡೆದು ಒಣಗಿಸಿ, ಒಣ ಸ್ಪ್ರೇ ಹಾಕಿ, ಗಾಲಿ ಜೋಡಿಸಿ ಕಾರನ್ನು ನೆಲಕ್ಕಿಳಿಸಿದರು.

ಗಂಡಸರಿಬ್ಬರೂ ದೂರ ನಿಲ್ಲಬೇಕೆಂದು ಅವಳು ಹೇಳಿದಳು. ವಿರುಪಾಕ್ಷಪ್ಪ ಬೆನ್ನು ತಿರುಗಿಸಿ ಒಂದು ಟೈರನ್ನು ಪರೀಕ್ಷಿಸತೊಡಗಿದ. ಹನುಮಣ್ಣ ಎರಡೂ ಕೈಗಳನ್ನು ಬೆನ್ನಹಿಂದೆ ಕಟ್ಟಿಕೊಂಡ. ಕುರ್ಚಿಯನ್ನು ಕಾರಿಗೆ ಒತ್ತಿ ನಿಲ್ಲಿಸಿ, ಹಲಗೆಯಿಟ್ಟು, ಎಂದಿನಂತೆ ಬಲಗೈಯಿಂದ ಒತ್ತಿ ಸರಿದಳು. ಭುಜ ಒಪ್ಪಲಿಲ್ಲ. ಹಿಂದಕ್ಕೆ ಬಂದಳು. ಎರಡನೆಯ ಸಲವೂ ಅರ್ಧದಿಂದಲೇ ಬಂದಳು. ಅಣ್ಣನ ಚಪ್ಪಲಿ ಒಂದು ಹೆಜ್ಜೆ ಸರಿದು ನಿಂತ ಸದ್ದು ಕೇಳಿಸಿತು. ಅವಳು ತಲೆಯೆತ್ತಲಿಲ್ಲ.

ನಲವತ್ತು ವರ್ಷ ಬಲಗೈಯಿಂದ ಒತ್ತಿಯೇ ಮೈಯನ್ನು ಸಾಗಿಸಿದ್ದಳು. ಒತ್ತಲಾಗದಿದ್ದರೆ ಎಳೆದುಕೊಳ್ಳಬಾರದೇ? ಎಡಗೈಯನ್ನು ಒಳಗೆ ಚಾಚಿ ಸ್ಟೇರಿಂಗಿನ ಕೆಳಗಿನ ಬಾಗನ್ನು ಹಿಡಿದಳು. ಬಲಗೈಯನ್ನು ಹಲಗೆಯ ಮೇಲೆ ಸುಮ್ಮನೆ ಊರಿದಳು. ಎಡತೋಳಿನಿಂದ ಎಳೆದಳು. ಎರಡು ಬೆರಳಿನ ಏರಿಕೆಯಿದ್ದಾಗ ಹೀಗೆ ಎಳೆಯಲು ಆಗುತ್ತಿರಲಿಲ್ಲ. ಈಗ ಸೊಂಟ ಗೇಣು ಸರಿಯಿತು. ಉಸಿರು ಬಿಟ್ಟು, ಹಿಡಿದು, ಮತ್ತೆ ಎಳೆದಳು. ಹಲಗೆ ಹಿಂದುಳಿಯಿತು, ಸೀಟಿನ ಬಟ್ಟೆ ತೊಡೆಗೆ ತಾಗಿತು. ಒಂದೊಂದಾಗಿ ಕಾಲುಗಳನ್ನು ಕೈಯಿಂದೆತ್ತಿ ಒಳಗಿಟ್ಟುಕೊಂಡಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳು ಮತ್ತೆ ಇಳಿದಳು, ಮತ್ತೆ ಹತ್ತಿದಳು. ಆರು ಸಲ ಹಾಗೆ ಮಾಡಿದ ಮೇಲೆ ಹನುಮಣ್ಣನೇ, "ಸಾಕು, ನಾಳೆಗೆ ಸ್ವಲ್ಪ ಉಳಿಸ್ಕೊ" ಅಂದ.

*

ಸೋಮವಾರ ಅವಳು ಒಬ್ಬಳೇ ಹೊರಟಳು. ಪಾಪಿನಾಯಕನಹಳ್ಳಿಯಲ್ಲಿ ಮೂರು ಮನೆ, ಸಂಡೂರಿನಲ್ಲಿ ನಾಲ್ಕು. ನಡುವೆ ಒಮ್ಮೆ ಎಳೆದುಕೊಳ್ಳುವಾಗ ಕೈ ಜಾರಿ ಹಾರನ್ ಬಡಿದು, ಮಲಗಿದ್ದ ನಾಯಿಯೊಂದು ಎದ್ದು ಓಡಿತು. ವಡ್ಡಿಗೆ ಬರುವಷ್ಟರಲ್ಲಿ ಎಡತೋಳು ಕೂಡ ಸೋತು ಮರದ ತುಂಡಿನಂತಾಗಿತ್ತು. ತಾಯಕ್ಕನ ರಕ್ತ ತೆಗೆದು, ಹೆಸರು ಬರೆದು, ಡಬ್ಬಿಯಲ್ಲಿಟ್ಟು ಕಾರಿನ ಬಳಿ ಬಂದಳು. ತಾಯಕ್ಕ ಹತ್ತಿ ಒತ್ತಿಕೊಂಡ ತೋಳು ಮಡಚಿಕೊಂಡೇ ಹಿಂದೆ ಬಂದಳು.

"ಅಣ್ಣ ಎಲ್ಲ್ಯವ್ವ ಇವತ್ತು?"

"ಗದ್ದ್ಯಾಗ ಅದಾನ."

"ಮತ್ತ ನಿನ್ನ ಯಾರು ಎತ್ತೋರು?"

"ಯಾರೂ ಇಲ್ಲ" ಅಂದಳು ತುಳಸಿ.

ತಾಯಕ್ಕ ಲೊಚಗುಟ್ಟಿ ಎರಡೂ ಕೈ ಚಾಚಿದಳು. ತುಳಸಿ ತಲೆಯಲ್ಲಾಡಿಸಿ ಹಲಗೆಯಿಟ್ಟಳು. ಮೊದಲ ಎಳೆತಕ್ಕೆ ಏನೂ ಆಗಲಿಲ್ಲ. ಹಲಗೆಯ ಮೇಲೇ ಕುಳಿತು, ಅದಿರಿನ ಲಾರಿಯೊಂದು ಕೆಂಪು ಧೂಳೆಬ್ಬಿಸಿ ಹೋಗುವವರೆಗೆ ಕಾದಳು. ಅವಸರವೇನಿರಲಿಲ್ಲ. ಆಮೇಲೆ ಸ್ಟೇರಿಂಗಿನ ಬಾಗನ್ನು ಹಿಡಿದು, ಒಂದು ಗೇಣು, ಮತ್ತೊಂದು ಗೇಣು, ಎಂಟನೆಯ ಸಲ ಒಳಗೆ ಸರಿದಳು. ಹೊರಗೆ ತಾಯಕ್ಕ ಚಾಚಿದ ಕೈಗಳನ್ನು ನಿಧಾನವಾಗಿ ಸೆರಗಿನಡಿ ಇಟ್ಟುಕೊಂಡಳು.

ಹಲಗೆ, ಮಡಚಿದ ಕುರ್ಚಿ ಎರಡನ್ನೂ ಒಳಗೆಳೆದುಕೊಂಡು, ಗಾಜು ಏರಿಸಿ, ಹೊರಡುವ ಮೊದಲು ವಿರುಪಾಕ್ಷಪ್ಪನಿಗೆ ಫೋನು ಮಾಡಿದಳು.

"ಎಲ್ಲಾ ಆತೇನವ್ವ?" ಎಂದು ಆತನೇ ಮೊದಲು ಕೇಳಿದ.

"ಆತು ಕಾಕಾ. ಆ ಪೆಟ್ಟು ಬಿದ್ದ ಥ್ರೆಡ್ಡನ್ನ ತಿದ್ದಾಕ ಸಣ್ಣ ಅರ ಬೇಕು. ಹುಡುಕಿಡ್ರಿ. ಭಾನುವಾರ ಹತ್ತಕ್ಕ ಬರ್ತೀನಿ, ಇನ್ನೊಂದು ಬೆರಳು ಉಳಿದೈತಿ."